ಗಳಿಕೆ ಏರುಪೇರಾದರೆ ಮಕ್ಕಳ ಓದಿಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಸ್ಥಿರ ಆದಾಯ ಅಂದರೆ ಬಡತನ ಅಂತಲೇ ಅರ್ಥ ಅಲ್ವಾ?

ಎರಡೂ ಬೇರೆ. ಎಷ್ಟೋ ಮನೆಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ ಅನ್ನುವುದು ನಿಜ, ಅದಕ್ಕೇ ಗೊಂದಲ ಆಗುತ್ತದೆ. ಬಡತನ ಅಂದರೆ ಒಟ್ಟಾರೆ ಬರುವ ದುಡ್ಡು ಕಡಿಮೆ. ಅಸ್ಥಿರತೆ ಅಂದರೆ ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಅನ್ನುವುದು ಮೊದಲೇ ಗೊತ್ತಿಲ್ಲದಿರುವುದು. ದಿನಗೂಲಿ, ಬೆಳೆ, ಕಮಿಷನ್, ಗುತ್ತಿಗೆ ಕೆಲಸ, ಆ್ಯಪ್ ಮೂಲಕ ಬರುವ ಆರ್ಡರ್, ಸಣ್ಣ ವ್ಯಾಪಾರ, ಎಲ್ಲದರಲ್ಲೂ ಇದು ಇದ್ದದ್ದೇ.

ಇದು ಬಡ ದೇಶಗಳ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2012 ಮತ್ತು 2013ರಲ್ಲಿ ಸಂಶೋಧಕರು 235 ಮನೆಗಳ ಲೆಕ್ಕವನ್ನು ಸುಮಾರು ಒಂದು ವರ್ಷ ಬರೆದಿಟ್ಟರು. ಆ ಮನೆಗಳಲ್ಲಿ ಸರಾಸರಿ ವರ್ಷಕ್ಕೆ ಐದು ತಿಂಗಳಷ್ಟು ಕಾಲ ಆದಾಯ ತಮ್ಮದೇ ಸರಾಸರಿಗಿಂತ ಶೇ. 25ಕ್ಕಿಂತ ಜಾಸ್ತಿ ಏರಿತ್ತು ಅಥವಾ ಇಳಿದಿತ್ತು. ಆ ಮನೆಗಳೆಲ್ಲ ಕೆಲಸ ಇರುವವರದ್ದೇ.

ವರ್ಷದ ಲೆಕ್ಕದಲ್ಲಿ ದುಡ್ಡು ಸಾಕಷ್ಟಿದ್ದರೆ ನಡುವಿನ ಏರಿಳಿತದಿಂದ ಏನು ತೊಂದರೆ?

ಶಾಲೆ ವರ್ಷದ ಲೆಕ್ಕದಲ್ಲಿ ನಡೆಯುವುದಿಲ್ಲ, ತಾರೀಖಿನ ಲೆಕ್ಕದಲ್ಲಿ ನಡೆಯುತ್ತದೆ. ತೊಂದರೆ ಹುಟ್ಟುವುದೇ ಇಲ್ಲಿ. ದಾಖಲಾತಿಗೆ ಒಂದು ದಿನ, ಫೀಸಿಗೆ ಒಂದು ದಿನ, ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ, ಎಲ್ಲದಕ್ಕೂ ಕೊನೆಯ ದಿನಾಂಕ ಇರುತ್ತದೆ. ಮನೆಗೆ ದುಡ್ಡು ಬರುವುದು ಆ ತಾರೀಖು ನೋಡಿಕೊಂಡು ಅಲ್ಲ. ಎರಡು ತಿಂಗಳ ನಂತರ ಕೈತುಂಬ ಬಂದರೂ ಅಷ್ಟರಲ್ಲಿ ದಾಖಲಾತಿ ಮುಗಿದಿರುತ್ತದೆ, ಇಲ್ಲವೇ ಮಗು ಪುಸ್ತಕವಿಲ್ಲದೆ ಮೂರು ಪಾಠ ದಾಟಿರುತ್ತದೆ.

ಇನ್ನೊಂದು ವಿಷಯ. ಕಡಿಮೆಯಾದರೂ ಖಚಿತವಾದ ಆದಾಯ ಇದ್ದರೆ ಅದಕ್ಕೆ ತಕ್ಕಂತೆ ಮನೆ ನಡೆಸಬಹುದು, ಮುಂದಿನ ವರ್ಷಕ್ಕೆ ಯೋಚಿಸಬಹುದು. ಬರುವುದೇ ಗೊತ್ತಿಲ್ಲದಿದ್ದರೆ ಒಳ್ಳೆಯ ತಿಂಗಳಲ್ಲೂ ಕೈ ಬಿಚ್ಚಲು ಭಯ. ಮಗುವನ್ನು ಹೊಸ ಕೋರ್ಸಿಗೆ ಸೇರಿಸುವುದಿರಲಿ, ಪ್ರವಾಸಕ್ಕೆ ಹೆಸರು ಕೊಡಲೂ ಯೋಚನೆ.

ಮಗುವಿನ ಕಲಿಕೆಗೆ ಮೊದಲು ಏಟು ಬೀಳುವುದು ಎಲ್ಲಿ?

ಹೆಚ್ಚಿನವರು "ಶಾಲೆ ಬಿಡುವುದು" ಅಂತ ಹೇಳುತ್ತಾರೆ. ಅದು ಕೊನೆಗೆ ಆಗುವಂಥದ್ದು. ಅದಕ್ಕೂ ಎಷ್ಟೋ ಮೊದಲೇ ಹಾಜರಿ ಇಳಿಯುತ್ತದೆ. ಬಸ್ಸಿಗೆ ದುಡ್ಡಿಲ್ಲ, ತಮ್ಮನನ್ನು ನೋಡಿಕೊಳ್ಳಲು ಯಾರೂ ಇಲ್ಲ, ಅಮ್ಮನಿಗೆ ಇದ್ದಕ್ಕಿದ್ದಂತೆ ಕೆಲಸ ಸಿಕ್ಕಿತು, ಫೀಸು ಬಾಕಿ ಇದೆ ಅಂತ ತರಗತಿಯಲ್ಲಿ ಹೆಸರು ಓದಿದರು. ಒಂದೊಂದೂ ಒಂದೆರಡು ದಿನದ ಮಾತು. ಯಾರಿಗೂ ದೊಡ್ಡದು ಅನ್ನಿಸುವುದಿಲ್ಲ.

ಆದರೆ ಕೆಲವು ವಿಷಯಗಳಲ್ಲಿ ಒಂದು ವಾರ ತಪ್ಪಿದರೆ ಮುಂದಿನದ್ದು ಅರ್ಥವೇ ಆಗುವುದಿಲ್ಲ. ಗಣಿತ ಇದಕ್ಕೆ ಒಳ್ಳೆಯ ಉದಾಹರಣೆ. ಭಿನ್ನರಾಶಿ ಕಲಿಸಿದ ವಾರ ಮಗು ಬಂದಿರಲಿಲ್ಲ ಅಂದರೆ ಶೇಕಡಾವಾರು, ಅನುಪಾತ, ಬೀಜಗಣಿತ ಎಲ್ಲದರಲ್ಲೂ ಆ ತೂತು ಕಾಣುತ್ತಾ ಹೋಗುತ್ತದೆ. ಎರಡು ವರ್ಷ ಆದ ಮೇಲೆ "ಇವನಿಗೆ ಲೆಕ್ಕ ತಲೆಗೆ ಹತ್ತಲ್ಲ" ಅಂತ ಎಲ್ಲರೂ ತೀರ್ಮಾನ ಮಾಡಿರುತ್ತಾರೆ. ಆ ವಾರ ಮನೆಯಲ್ಲಿ ಏನಾಗಿತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಹಾಜರಿಯ ನಂತರ ಕೈಬಿಡುವುದು ಕಣ್ಣಿಗೆ ಬೀಳದ ಖರ್ಚುಗಳನ್ನು: ಕನ್ನಡಕ ಬದಲಿಸುವುದು, ಪ್ರಾಜೆಕ್ಟಿನ ಸಾಮಾನು, ಇಂಟರ್ನೆಟ್ ರೀಚಾರ್ಜ್, ಟ್ಯೂಷನ್. ಬೋರ್ಡು ಕಾಣದ ಮಗು ಓದಿನಲ್ಲಿ ಹಿಂದೆ ಬೀಳುವುದಕ್ಕೆ ಬುದ್ಧಿ ಕಾರಣವಲ್ಲ.

ಪ್ರಾಥಮಿಕ ಶಿಕ್ಷಣ ಉಚಿತ ಅಲ್ವಾ? ಆಮೇಲೂ ಖರ್ಚು ಯಾಕೆ?

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮತ್ತು ಉಚಿತ ಆಗಿರಬೇಕು ಅನ್ನುತ್ತದೆ. ಫೀಸು ತೆಗೆದರೂ ಓಡಾಟ, ಬಟ್ಟೆ, ಪುಸ್ತಕ, ಮೊಬೈಲ್ ಉಳಿಯುತ್ತವೆ. ಇವುಗಳಿಗಿಂತ ದೊಡ್ಡದು ಇನ್ನೊಂದಿದೆ, ಮಗು ಶಾಲೆಯಲ್ಲಿ ಕಳೆಯುವ ಸಮಯ. ಕೈ ಬಿಗಿಯಾದ ಮನೆಯಲ್ಲಿ ಆ ಸಮಯಕ್ಕೂ ಒಂದು ಬೆಲೆ ಇರುತ್ತದೆ.

ನಾವು ಫೀಸು ಒಂದು ಸಲವೂ ತಪ್ಪಿಸಿಲ್ಲ. ಆದರೂ ಅಂಕ ಇಳಿಯುತ್ತಿದೆ. ಯಾಕೆ?

ದುಡ್ಡಿನ ಚಿಂತೆ ಮಗುವಿಗೆ ತಲುಪಲು ಫೀಸೇ ಬಾಕಿ ಆಗಬೇಕಿಲ್ಲ. ಇದನ್ನು ಗ್ಲೆನ್ ಎಲ್ಡರ್ ಎಂಬ ಸಮಾಜಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ 1920-21ರಲ್ಲಿ ಹುಟ್ಟಿ, 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಮಕ್ಕಳ ಬದುಕನ್ನು ಅವರು ಹಿಂಬಾಲಿಸಿದರು. 1980ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ರೈತರು ಸಾಲದಲ್ಲಿ ಮುಳುಗಿದರು. ಆಮೇಲೆ ರ‍್ಯಾಂಡ್ ಕಾಂಗರ್ ಮತ್ತು ಅವರ ಜೊತೆಗಾರರು ಅಲ್ಲಿನ ಕುಟುಂಬಗಳನ್ನು ಅಧ್ಯಯನ ಮಾಡಿ ಇದೇ ಎಳೆಯನ್ನು ಮುಂದುವರಿಸಿದರು.

ಇಬ್ಬರ ಕೆಲಸದಿಂದಲೂ ಕಾಣುವ ಸರಪಳಿ ಹೀಗಿದೆ. ದುಡ್ಡು ನಿಲ್ಲುತ್ತದೆ. ಅಪ್ಪ ಅಮ್ಮನ ಮನಸ್ಸು ಕುಗ್ಗುತ್ತದೆ. ಇಬ್ಬರ ನಡುವೆ ಜಗಳ ಜಾಸ್ತಿಯಾಗುತ್ತದೆ. ಮಕ್ಕಳ ಮೇಲೆ ಸಿಡುಕು, ಇಲ್ಲವೇ ಗಮನವೇ ಇಲ್ಲ. ಆಮೇಲೆ ಮಗುವಿನ ನಡವಳಿಕೆ, ಓದು ಎರಡೂ ಕೆಡುತ್ತವೆ. ದುಡ್ಡು ಮತ್ತು ಅಂಕಗಳ ನಡುವೆ ಹೀಗೆ ಇಡೀ ಮನೆ ನಿಂತಿದೆ.

ನಿಮ್ಮ ಮನೆಯಲ್ಲಿ ರಾತ್ರಿ ಹೊತ್ತು ಲೆಕ್ಕದ ಮಾತು ಜೋರಾಗಿ ನಡೆಯುತ್ತದೆಯೇ? ಮಗು ಸರಿಯಾಗಿ ನಿದ್ದೆ ಮಾಡುತ್ತಿದೆಯೇ? ಅಂಕಪಟ್ಟಿಗಿಂತ ಮೊದಲು ಇವೆರಡನ್ನು ನೋಡಿ.

ದುಡ್ಡಿನ ಚಿಂತೆಯಲ್ಲಿ ಹೆತ್ತವರ ಬುದ್ಧಿಯೇ ಮಂಕಾಗುತ್ತದೆ ಅಂತಾರೆ. ನಿಜವೇ?

ಭಾಗಶಃ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬಹಳ ಹೆಸರು ಮಾಡಿತು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲು ಕೈ ಖಾಲಿ ಇದ್ದಾಗ ಮತ್ತು ಕಟಾವಿನ ನಂತರ ದುಡ್ಡು ಬಂದಾಗ ಒಂದೇ ಬಗೆಯ ಬುದ್ಧಿಪರೀಕ್ಷೆ ಕೊಟ್ಟರು. ಅದೇ ರೈತ ಕಟಾವಿನ ಮೊದಲು ಕಡಿಮೆ ಅಂಕ ಪಡೆದ, ನಂತರ ಜಾಸ್ತಿ ಪಡೆದ. ಆದರೆ 2016ರಲ್ಲಿ ಅಮೆರಿಕದಲ್ಲಿ ಸಂಬಳದ ದಿನದ ಹಿಂದೆ ಮತ್ತು ಮುಂದೆ ಪರೀಕ್ಷಿಸಿದ ಇನ್ನೊಂದು ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ.

ನನಗೆ ಅನ್ನಿಸುವುದು, ಎರಡನ್ನೂ ಒಟ್ಟಿಗೆ ಓದಬೇಕು. ಗೊತ್ತಿರುವ ತಾರೀಖಿಗೆ ಸಂಬಳ ಬರುವವರ ತಿಂಗಳ ಕೊನೆ ಬೇರೆ, ಇಡೀ ವರ್ಷದ ದುಡಿಮೆ ಒಂದೇ ಬೆಳೆಯ ಮೇಲೆ ನಿಂತವರ ಕಾಯುವಿಕೆ ಬೇರೆ. ಯಾವುದೇ ಆಗಲಿ, ಹೋಮ್‌ವರ್ಕ್ ನೋಡದ ಅಪ್ಪ ಅಮ್ಮನಿಗೆ ಮಗುವಿನ ಮೇಲೆ ಕಾಳಜಿ ಇಲ್ಲ ಅಂತ ತೀರ್ಪು ಕೊಡುವ ಮುಂಚೆ ಇದನ್ನು ನೆನೆಯುವುದು ಒಳ್ಳೆಯದು.

ಮನೆಯಲ್ಲಿ ಯಾವ ಮಗುವಿಗೆ ಜಾಸ್ತಿ ಪೆಟ್ಟು?

ಒಂದೇ ಉತ್ತರ ಇಲ್ಲ. ಬ್ರೆಜಿಲ್‌ನ ದೊಡ್ಡ ನಗರಗಳ ಸುಮಾರು ಎರಡು ದಶಕದ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನದ ಪ್ರಕಾರ, ಮನೆಯ ಯಜಮಾನ ಕೆಲಸ ಕಳೆದುಕೊಂಡರೆ ಮಕ್ಕಳು ದುಡಿಮೆಗೆ ಇಳಿಯುವ, ಶಾಲೆ ಬಿಡುವ, ಅದೇ ತರಗತಿಯಲ್ಲಿ ಉಳಿಯುವ ಸಾಧ್ಯತೆ ಏರಿತು. 16 ವರ್ಷದ ಹುಡುಗಿಯರಲ್ಲಿ ದುಡಿಮೆಗೆ ಇಳಿಯುವ ಸಾಧ್ಯತೆ ಮೊದಲಿದ್ದದ್ದಕ್ಕಿಂತ ಶೇ. 60ರಷ್ಟು ಹೆಚ್ಚಾಗಿತ್ತು. ಇಂಡೋನೇಷ್ಯಾದಲ್ಲಿ 1998ರ ಆರ್ಥಿಕ ಬಿಕ್ಕಟ್ಟು ಬಂದಾಗ ನಡೆದದ್ದು ಬೇರೆ ಥರ. ತೀರಾ ಬಡ ಮನೆಗಳು ದೊಡ್ಡ ಮಕ್ಕಳ ಓದನ್ನು ಉಳಿಸಿಕೊಳ್ಳಲು ಚಿಕ್ಕ ಮಕ್ಕಳ ಓದಿನ ಖರ್ಚು ಕಡಿತ ಮಾಡಿದವು.

ಅಲ್ಲಿಯ ಹೆತ್ತವರ ಲೆಕ್ಕ ಅರ್ಥವಾಗುವಂಥದ್ದೇ. ದೊಡ್ಡವನ ಓದು ಇನ್ನೇನು ಮುಗಿಯುತ್ತದೆ, ಇಲ್ಲಿಯವರೆಗೆ ಹಾಕಿದ ದುಡ್ಡು ವ್ಯರ್ಥ ಆಗಬಾರದು, ಚಿಕ್ಕವಳು ಒಂದು ವರ್ಷ ತಡವಾಗಿ ಸೇರಿದರೆ ಏನಾಯಿತು! ಆದರೆ ಮುಂದಿನ ವರ್ಷವೂ ಕೈ ಬಿಗಿ ಇದ್ದರೆ ಆ ತಡ ಅಲ್ಲಿಗೇ ನಿಲ್ಲುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಅಮ್ಮ ಹೊರಗೆ ದುಡಿಯಲು ಹೊರಟ ಕೂಡಲೇ ಮನೆಗೆಲಸ ಯಾರ ಹೆಗಲಿಗೆ ಬೀಳುತ್ತದೆ ಅನ್ನುವುದನ್ನು ನೋಡಿ. ಶಾಲೆಯ ದಾಖಲೆಯಲ್ಲಿ ಆ ಹುಡುಗಿ ಇದ್ದೇ ಇರುತ್ತಾಳೆ, ಓದಲು ಸಂಜೆ ಇರುವುದಿಲ್ಲ.

ಒಳ್ಳೆಯ ದುಡಿಮೆ ಇರುವ ವರ್ಷಗಳಲ್ಲೂ ಮಕ್ಕಳು ಶಾಲೆ ಬಿಡುತ್ತಾರಂತೆ?

ಹೌದು, ಇದು ಈ ವಿಷಯದ ಕುತೂಹಲದ ತಿರುವು. ಭಾರತದ ಹಳ್ಳಿಗಳ ಮಕ್ಕಳ ಮಾಹಿತಿ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳುವಂತೆ, ಮಳೆ ಚೆನ್ನಾಗಿ ಆದ ವರ್ಷ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ಹಾಜರಿ ಮತ್ತು ಲೆಕ್ಕದ ಅಂಕ ಇಳಿಯಿತು. ಹೊಲದಲ್ಲಿ ಕೆಲಸ ಜಾಸ್ತಿ, ಕೂಲಿ ಜಾಸ್ತಿ, ಮಕ್ಕಳ ಕೈಗೂ ಬೇಡಿಕೆ ಬಂತು. ಆದರೆ ಎಳೆಯ ಪ್ರಾಯದಲ್ಲಿ ಒಳ್ಳೆಯ ಮಳೆ ಕಂಡ ಮಕ್ಕಳು ಮುಂದೆ ಚೆನ್ನಾಗಿ ಓದಿದರು. ಹೊಟ್ಟೆ ತುಂಬ ಆಹಾರ ಸಿಕ್ಕಿದ್ದು ಅವರಿಗೆ ಕೈಹಿಡಿಯಿತು.

ಮೆಕ್ಸಿಕೋದಲ್ಲಿ ರಫ್ತು ಕಾರ್ಖಾನೆಗಳು ತೆರೆದಾಗಲೂ ಹೀಗೇ ಆಯಿತು. ಪ್ರತಿ 25 ಹೊಸ ಕೆಲಸಕ್ಕೆ ಒಬ್ಬ ವಿದ್ಯಾರ್ಥಿ 12ನೇ ತರಗತಿಯವರೆಗೆ ಓದುವ ಬದಲು 9ಕ್ಕೇ ನಿಲ್ಲಿಸಿದ ಅಂತ ಲೆಕ್ಕ.

ಹಾಗಾಗಿ ಹದಿಹರೆಯದ ಮಕ್ಕಳಿರುವ ಮನೆ ಕೆಟ್ಟ ತಿಂಗಳಲ್ಲಿ ಎಷ್ಟು ಎಚ್ಚರ ಇರಬೇಕೋ ಒಳ್ಳೆಯ ತಿಂಗಳಲ್ಲೂ ಅಷ್ಟೇ ಇರಬೇಕು. "ಈ ಸೀಸನ್ ಒಂದು ಮುಗಿಯಲಿ, ಆಮೇಲೆ ಶಾಲೆಗೆ ಹೋಗು" ಅನ್ನುವ ಮಾತಿನಿಂದ ವಾಪಸ್ ಬರದ ಮಕ್ಕಳು ಎಷ್ಟೋ.

ಇದರ ಪರಿಣಾಮ ದೊಡ್ಡವರಾದ ಮೇಲೂ ಉಳಿಯುತ್ತದಾ?

ಉಳಿಯಬಹುದು. ಕೆನಡಾದಲ್ಲಿ ಕಂಪನಿ ಮುಚ್ಚಿ ಕೆಲಸ ಕಳೆದುಕೊಂಡ ಅಪ್ಪಂದಿರ ಗಂಡುಮಕ್ಕಳು ದೊಡ್ಡವರಾದಾಗ, ಅಂಥದ್ದೇ ಆದರೆ ಅಪ್ಪನ ಕೆಲಸ ಹೋಗದ ಮನೆಗಳ ಮಕ್ಕಳಿಗಿಂತ ವರ್ಷಕ್ಕೆ ಸುಮಾರು ಶೇ. 9 ಕಡಿಮೆ ಗಳಿಸುತ್ತಿದ್ದರು ಅಂತ 2008ರ ಅಧ್ಯಯನವೊಂದು ಹೇಳುತ್ತದೆ. ಇಲ್ಲಿ ಕಂಪನಿಯೇ ಮುಚ್ಚಿದ್ದು ಮುಖ್ಯ. ಅಪ್ಪ ಸೋಮಾರಿ, ಕುಡುಕ ಅನ್ನುವ ನೆಪಕ್ಕೆ ಅಲ್ಲಿ ಜಾಗವಿಲ್ಲ. ಅಮೆರಿಕದಲ್ಲಿ 2011ರಲ್ಲಿ ಬಂದ ಅಧ್ಯಯನದ ಪ್ರಕಾರ, ಹೆತ್ತವರು ಕೆಲಸ ಕಳೆದುಕೊಂಡರೆ ಮಗು ಅದೇ ತರಗತಿಯಲ್ಲಿ ಉಳಿಯುವ ಸಾಧ್ಯತೆ ಸುಮಾರು ಶೇ. 15 ಏರುತ್ತದೆ.

ಇವೆಲ್ಲ ಸರಾಸರಿ ಲೆಕ್ಕ. ನಿಮ್ಮ ಮಗುವಿನ ಜಾತಕ ಅಂತ ಓದಿಕೊಳ್ಳಬೇಡಿ.

ಹಾಗಾದರೆ ಮನೆಗಳಿಗೆ ದುಡ್ಡು ಕೊಟ್ಟುಬಿಟ್ಟರೆ ಮಕ್ಕಳು ಚೆನ್ನಾಗಿ ಓದುತ್ತಾರಾ?

ಕೆಲವು ಕಡೆ ಸ್ಪಷ್ಟವಾಗಿ ಹೌದು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಚೆರೋಕಿ ಮೂಲನಿವಾಸಿಗಳ ಒಂದು ಸಮುದಾಯ 1996ರಿಂದ ತಮ್ಮ ಕ್ಯಾಸಿನೊ ಲಾಭದ ಪಾಲನ್ನು ಪ್ರತಿ ಸದಸ್ಯರಿಗೂ ಹಂಚತೊಡಗಿತು. ವರ್ಷಕ್ಕೆ ಎರಡು ಸಲ, ಯಾವ ಷರತ್ತೂ ಇಲ್ಲದೆ. ಅದೃಷ್ಟಕ್ಕೆ ಆ ಪ್ರದೇಶದ 1,420 ಮಕ್ಕಳನ್ನು ಸಂಶೋಧಕರು 1993ರಿಂದಲೇ ಗಮನಿಸುತ್ತಿದ್ದರು. ತೀರಾ ಬಡ ಮನೆಗಳಲ್ಲಿ ವರ್ಷಕ್ಕೆ ಸುಮಾರು 4,000 ಡಾಲರ್ ಹೆಚ್ಚಾದಾಗ ಮಕ್ಕಳು 21 ವರ್ಷ ತಲುಪುವ ಹೊತ್ತಿಗೆ ಸರಾಸರಿ ಒಂದು ವರ್ಷ ಜಾಸ್ತಿ ಓದಿದ್ದರು.

ಎಲ್ಲ ಕಡೆಯೂ ಹೀಗಲ್ಲ. ಅಮೆರಿಕದಲ್ಲೇ 2018ರಲ್ಲಿ ಶುರುವಾದ ಇನ್ನೊಂದು ಪ್ರಯೋಗದಲ್ಲಿ 1,000 ಬಡ ತಾಯಂದಿರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಿಂಗಳಿಗೆ 333 ಡಾಲರ್, ಇನ್ನೊಂದಕ್ಕೆ 20 ಡಾಲರ್ ಕೊಟ್ಟರು. ನಾಲ್ಕು ವರ್ಷದ ನಂತರ ಮಕ್ಕಳ ಬೆಳವಣಿಗೆಯ ಮುಖ್ಯ ಅಳತೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹಿಡಿದುಕೊಂಡು "ನೋಡಿ, ದುಡ್ಡಿನಿಂದ ಏನೂ ಆಗಲ್ಲ" ಅನ್ನುವವರಿದ್ದಾರೆ. ಅದೂ ಅವಸರ. ನಾಲ್ಕು ವರ್ಷದ ಮಗುವಿನ ಪರೀಕ್ಷೆ ಬೇರೆ, ಹದಿನಾರರ ಹುಡುಗ ಶಾಲೆಯಲ್ಲಿ ಉಳಿಯುತ್ತಾನಾ ಅನ್ನುವ ಪ್ರಶ್ನೆ ಬೇರೆ.

ಉಳಿತಾಯ ಮಾಡಿ ಅಂತ ಬುದ್ಧಿ ಹೇಳಿದರೆ ಸಾಕಲ್ವಾ?

ಸುಮ್ನೆ ಬುದ್ಧಿ ಹೇಳಿ ಏನೂ ಆಗುವುದಿಲ್ಲ. ಏರುಪೇರಿನ ಮನೆಯವರಿಗೆ ಉಳಿತಾಯದ ಬೆಲೆ ಸಂಬಳದವರಿಗಿಂತ ಚೆನ್ನಾಗಿ ಗೊತ್ತು. ಉಳಿಸಿದ್ದು ಫೀಸಿನ ದಿನದವರೆಗೆ ಕೈಯಲ್ಲಿ ಉಳಿಯುವುದೇ ಕಷ್ಟ. ನಡುವೆ ಜ್ವರ ಬರುತ್ತದೆ, ಗಾಡಿ ಕೆಡುತ್ತದೆ, ನೆಂಟರು ಕೈಸಾಲ ಕೇಳುತ್ತಾರೆ.

ಕೊಲಂಬಿಯಾದ ಬೊಗೋಟಾದಲ್ಲಿ 2005ರಲ್ಲಿ ಒಂದು ಜಾಣ ಪ್ರಯೋಗ ನಡೆಯಿತು. ಶಾಲೆಗೆ ತಪ್ಪದೆ ಬರುವ ಮಕ್ಕಳ ಮನೆಗೆ ಸಹಾಯಧನ ಕೊಡುತ್ತಿದ್ದರು. ಕೆಲವರಿಗೆ ಪೂರ್ತಿ ಆಗಾಗ ಕೊಟ್ಟರು. ಇನ್ನು ಕೆಲವರಿಗೆ ಮೂರನೇ ಒಂದು ಭಾಗ ಹಿಡಿದಿಟ್ಟು, ಮುಂದಿನ ವರ್ಷದ ದಾಖಲಾತಿ ಹೊತ್ತಿಗೆ ಒಟ್ಟಿಗೆ ಕೊಟ್ಟರು. ಹಾಜರಿ ಎರಡೂ ಗುಂಪಿನಲ್ಲಿ ಸುಧಾರಿಸಿತು. ಮುಂದಿನ ವರ್ಷ ಮತ್ತೆ ಸೇರಿದವರು ಎರಡನೆಯ ಗುಂಪಿನಲ್ಲೇ ಜಾಸ್ತಿ. ದುಡ್ಡು ಹೆಚ್ಚುಕಡಿಮೆ ಅಷ್ಟೇ, ಬಂದ ಹೊತ್ತು ಬೇರೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೇ. ವರ್ಷದ ಶುರುವಿನಲ್ಲೇ ಶಾಲೆಯ ಎಲ್ಲ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ನಿಮಗೆ ಸಾಮಾನ್ಯವಾಗಿ ದುಡಿಮೆ ಇರುವ ಮತ್ತು ಇರದ ತಿಂಗಳು ಗುರುತು ಮಾಡಿ. ಎರಡೂ ಎಲ್ಲಿ ಹೊಂದುವುದಿಲ್ಲ ಅನ್ನುವುದು ಅಲ್ಲೇ ಕಾಣುತ್ತದೆ. ಒಳ್ಳೆಯ ತಿಂಗಳಲ್ಲಿ ದುಡ್ಡು ಬಂದ ದಿನವೇ ನೋಟ್‌ಪುಸ್ತಕ, ಶೂ, ಬಸ್ ಪಾಸ್ ಹೀಗೆ ಕೊಂಡಿಡಬಹುದಾದದ್ದನ್ನು ಕೊಂಡುಬಿಡಿ. ವಸ್ತುವಾಗಿ ಕೂತದ್ದು ಬೇರೆ ಖರ್ಚಿಗೆ ಹೋಗುವುದಿಲ್ಲ. ಶಾಲೆ ಒಪ್ಪಿದರೆ ಮುಂದಿನ ಕಂತನ್ನೂ ಮುಂಗಡ ಕಟ್ಟಿ.

ಸಾಲ ಮಾಡಿ ಫೀಸು ಕಟ್ಟಬಹುದಾ?

ದುಡ್ಡು ಬರುವುದು ಖಚಿತ, ತಡ ಅಷ್ಟೇ ಅಂತಿದ್ದರೆ, ಬಡ್ಡಿಯೂ ಕಡಿಮೆ ಇದ್ದರೆ, ಕಟ್ಟಬಹುದು. ಮಗು ಒಂದು ತಿಂಗಳು ಶಾಲೆ ತಪ್ಪಿಸುವುದಕ್ಕಿಂತ ಅದು ವಾಸಿ. ಟಾಂಜಾನಿಯಾದ ಕಾಗೇರಾ ಪ್ರದೇಶದಲ್ಲಿ ಬೆಳೆ ಹಾಳಾದಾಗ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಜಾಸ್ತಿಯಾಯಿತು, ಆದರೆ ಆಸ್ತಿಪಾಸ್ತಿ ಇದ್ದ ಮನೆಗಳಲ್ಲಿ ಆ ಏರಿಕೆ ಕಡಿಮೆ ಇತ್ತು. ಮಾರಲೋ ಅಡವಿಡಲೋ ಏನಾದರೂ ಇದ್ದವರಿಗೆ ಬೇರೆ ದಾರಿ ಇತ್ತು.

ದುಡ್ಡು ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗ ದುಬಾರಿ ಬಡ್ಡಿಗೆ ತಂದು ಕಟ್ಟಿದರೆ ಮುಂದಿನ ಕಂತನ್ನು ಆ ಬಡ್ಡಿಯೇ ತಿನ್ನುತ್ತದೆ. ಆಗ ಶಾಲೆಯ ಹತ್ತಿರ ಸಮಯ ಕೇಳುವುದು ಸಾಲ ಕೊಡುವವನ ಹತ್ತಿರ ಹೋಗುವುದಕ್ಕಿಂತ ಅಗ್ಗ.

ಶಾಲೆಯಲ್ಲಿ ಹೇಳಿಕೊಳ್ಳಲು ನಾಚಿಕೆ. ಏನು ಮಾಡುವುದು?

ನಾಚಿಕೆ ಸಹಜ. ಆದರೂ ಕೊನೆಯ ದಿನಾಂಕಕ್ಕಿಂತ ಮೊದಲೇ ಹೋಗಿ. ಬಾಕಿ ಆದ ಮೇಲೆ ಹೋದರೆ ನೀವು ನೆಪ ಹೇಳುವವರಂತೆ ಕಾಣುತ್ತೀರಿ, ಮೊದಲೇ ಹೋದರೆ ಜವಾಬ್ದಾರಿ ಇರುವವರು. ಇಡೀ ಮನೆಯ ಕಥೆ ಹೇಳಬೇಕಿಲ್ಲ. "ನಮ್ಮ ದುಡಿಮೆ ಸೀಸನ್ ಮೇಲೆ ನಿಂತಿದೆ. ಈ ತಿಂಗಳು ಇಷ್ಟು ಕಟ್ಟುತ್ತೇನೆ, ಉಳಿದದ್ದು ಈ ತಾರೀಖಿಗೆ. ಮಗುವಿನ ಎದುರು ಕೇಳಬೇಡಿ" ಅಂದರೆ ಸಾಕು. ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ, ರಸೀದಿ ಇಟ್ಟುಕೊಳ್ಳಿ. ವಿದ್ಯಾರ್ಥಿವೇತನ, ರಿಯಾಯಿತಿ ಇದೆಯಾ ಅಂತಲೂ ಆಗಲೇ ಕೇಳಿ. ಇವಕ್ಕೂ ಕೊನೆಯ ದಿನ ಇರುತ್ತದೆ, ಗೊತ್ತಾಗುವಷ್ಟರಲ್ಲಿ ಅದು ಮುಗಿದಿರುತ್ತದೆ.

ನಾನು ಟೀಚರು. ಏನು ಗಮನಿಸಬೇಕು?

ಒಂದೇ ಸಲ ಹತ್ತು ದಿನ ತಪ್ಪಿಸಿದ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ವಾರಕ್ಕೊಂದು ದಿನ ತಪ್ಪಿಸುವ ಮಗು ಬೀಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಆ ಎರಡನೆಯ ಮಗುವನ್ನು ಹುಡುಕಿ. ತಿಂಗಳ ಕೊನೆಗೆ ಅಥವಾ ಒಂದು ಸೀಸನ್‌ನಲ್ಲಿ ಮಾತ್ರ ತಪ್ಪುತ್ತಿದ್ದರೆ ಕಾರಣ ಬಹುಶಃ ಮನೆಯ ದುಡಿಮೆಯಲ್ಲೇ ಇದೆ.

ಮಗು ವಾಪಸ್ ಬಂದ ದಿನ "ಯಾಕೆ ಬರಲಿಲ್ಲ" ಅನ್ನುವ ವಿಚಾರಣೆಗಿಂತ ತಪ್ಪಿದ ಪಾಠದ ಒಂದು ಪುಟ ಟಿಪ್ಪಣಿ, ಜೊತೆಗೆ ಹೇಳಿಕೊಡಬಲ್ಲ ಒಬ್ಬ ಗೆಳೆಯ, ಇಷ್ಟು ಸಿಕ್ಕರೆ ತೂತು ಮುಚ್ಚುತ್ತದೆ. ದುಡ್ಡು ಬೇಡುವ ಪ್ರಾಜೆಕ್ಟ್‌ಗಳನ್ನು ಕಡಿಮೆ ಮಾಡಿ. ಕೊಡಲೇಬೇಕಾದರೆ ಎರಡು ವಾರ ಮೊದಲೇ ಹೇಳಿ, ನಾಳೆಯೇ ಚಾರ್ಟ್ ಪೇಪರ್ ತರಬೇಕು ಅನ್ನಬೇಡಿ. ಬಾಕಿ ಇರುವವರ ಹೆಸರು ತರಗತಿಯಲ್ಲಿ ಓದುವ ಪದ್ಧತಿ ನಿಮ್ಮಲ್ಲಿದ್ದರೆ ದಯವಿಟ್ಟು ನಿಲ್ಲಿಸಿ. ಅದರಿಂದ ಫೀಸು ಬರುವುದಿಲ್ಲ, ಮಗು ಬರುವುದು ನಿಲ್ಲುತ್ತದೆ.

ದುಬಾರಿ ಶಾಲೆಯಿಂದ ಬಿಡಿಸಿ ಬೇರೆ ಕಡೆ ಸೇರಿಸಬೇಕಾ?

ನಿಮ್ಮ ಸಾಧಾರಣ ತಿಂಗಳ ಗಳಿಕೆಗೆ ಆ ಫೀಸು ಹೊಂದುತ್ತದಾ ನೋಡಿ. ಒಳ್ಳೆಯ ತಿಂಗಳ ಗಳಿಕೆಗೆ ಮಾತ್ರ ಹೊಂದುವುದಾದರೆ ಬದಲಿಸುವುದೇ ಸರಿ. ಆದರೆ ವರ್ಷದ ನಡುವೆ ಬೇಡ, ಪಾಠಕ್ರಮ ತಪ್ಪುತ್ತದೆ, ಗೆಳೆಯರೂ ತಪ್ಪುತ್ತಾರೆ. ವರ್ಷ ಮುಗಿಸಿ, ಬಾಕಿ ತೀರಿಸಿ, ವರ್ಗಾವಣೆ ಪತ್ರ ಪಡೆದು ಒಂದೇ ಸಲ ಬದಲಿಸಿ. ಮೂರು ವರ್ಷದಲ್ಲಿ ಮೂರು ಶಾಲೆ ಆಗುವುದಕ್ಕಿಂತ ಒಂದು ಸಾಧಾರಣ ಶಾಲೆಯಲ್ಲಿ ನೆಲೆ ನಿಲ್ಲುವುದು ಒಳ್ಳೆಯದು.

ಮಗಳು ತಾನೇ ದುಡಿಯುತ್ತೇನೆ ಅನ್ನುತ್ತಿದ್ದಾಳೆ. ಬಿಡಬಹುದಾ?

ವಯಸ್ಸೆಷ್ಟು, ಎಷ್ಟು ಗಂಟೆ ಅನ್ನುವುದರ ಮೇಲಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ ಒಪ್ಪಂದ ದುಡಿಮೆಗೆ ಕನಿಷ್ಠ ವಯಸ್ಸನ್ನು ಸಾಮಾನ್ಯವಾಗಿ 15 ಎಂದಿಟ್ಟಿದೆ, ಕಡ್ಡಾಯ ಶಿಕ್ಷಣ ಮುಗಿಯುವ ವಯಸ್ಸಿಗಿಂತ ಅದು ಕಡಿಮೆ ಇರಬಾರದು ಅನ್ನುತ್ತದೆ. 13ರಿಂದ 15ರವರೆಗೆ ಶಾಲೆಗೆ, ಆರೋಗ್ಯಕ್ಕೆ ತೊಂದರೆ ಕೊಡದ ಹಗುರ ಕೆಲಸಕ್ಕೆ ಮಾತ್ರ ಅವಕಾಶ ಕೊಡಬಹುದು. ನಿಮ್ಮ ದೇಶದ ಕಾನೂನು ಇನ್ನೂ ಬಿಗಿ ಇರಬಹುದು, ಅದನ್ನು ಮೊದಲು ನೋಡಿ.

ದೊಡ್ಡ ರಜೆಯಲ್ಲಿ ಕೆಲವು ವಾರ ಅಂದರೆ ಮಾತಾಡಬಹುದು. ಶಾಲೆಯ ದಿನಗಳಲ್ಲಿ ಸಂಜೆ ಪೂರ್ತಿ ಅಂದರೆ ಬೇಡ. ಬಿಟ್ಟರೂ ಯಾವ ತಾರೀಖಿಗೆ ನಿಲ್ಲಿಸಬೇಕು ಅಂತ ಶುರು ಮಾಡುವ ಮೊದಲೇ ಮಾತಾಗಲಿ, ಅವಳ ಎದುರೇ.

ಮನೆಯ ಕಷ್ಟವನ್ನು ಮಗುವಿಗೆ ಹೇಳಬೇಕಾ, ಮುಚ್ಚಿಡಬೇಕಾ?

ಮುಚ್ಚಿಟ್ಟರೂ ಅವಕ್ಕೆ ಗೊತ್ತಾಗುತ್ತದೆ. ಅರ್ಧ ಕೇಳಿಸಿಕೊಂಡ ಮಾತಿನಿಂದ ಮಗು ಕಟ್ಟಿಕೊಳ್ಳುವ ಕಥೆ ನಿಜಕ್ಕಿಂತ ಭಯಂಕರವಾಗಿರುತ್ತದೆ, ಎಷ್ಟೋ ಸಲ ತಪ್ಪು ತನ್ನದೇ ಅಂದುಕೊಳ್ಳುತ್ತದೆ. ವಯಸ್ಸಿಗೆ ತಕ್ಕಷ್ಟು ಹೇಳಿ. ಚಿಕ್ಕವರಿಗೆ "ಈ ತಿಂಗಳು ಕೆಲಸ ಕಡಿಮೆ ಇದೆ, ಹೊಸ ಬ್ಯಾಗು ಮುಂದಿನ ತಿಂಗಳು" ಅಂದರೆ ಸಾಕು. ದೊಡ್ಡವರ ಜೊತೆ ಆ ತಾರೀಖಿನ ಹಾಳೆಯನ್ನೇ ಇಟ್ಟುಕೊಂಡು ಕೂರಬಹುದು. ಸಾಲದ ಮೊತ್ತ, ಯಾರು ಬೈದರು, ಇವೆಲ್ಲ ಬೇಡ. ಕೊನೆಗೆ "ನಿನ್ನ ಶಾಲೆ ನಿಲ್ಲುವುದಿಲ್ಲ" ಅನ್ನುವ ಮಾತು ನಿಮಗೆ ಖಚಿತ ಇದ್ದರೆ ಮಾತ್ರ ಹೇಳಿ. ಇಲ್ಲದಿದ್ದರೆ "ಈ ವರ್ಷ ಮುಗಿಸುವುದಕ್ಕೆ ವ್ಯವಸ್ಥೆ ಆಗಿದೆ, ಮುಂದಿನದ್ದನ್ನು ಕೂತು ನೋಡೋಣ" ಅನ್ನಿ.